ನ್ಯಾನೊದ್ರವದ ಲೆಕ್ಕ ಕೈಕೊಟ್ಟಾಗ: ಲಕ್ಷಣ ಹಿಡಿದು ದೋಷ ಹುಡುಕುವ ಬಗೆ

ನೀರಿಗೋ ಎಥಿಲೀನ್ ಗ್ಲೈಕಾಲ್‌ಗೋ ನೂರು ನ್ಯಾನೊಮೀಟರ್‌ಗಿಂತ ಸಣ್ಣದಾದ ಅಲ್ಯೂಮಿನಾ, ತಾಮ್ರ ಅಥವಾ ಟೈಟೇನಿಯಾ ಕಣಗಳನ್ನು, ಶಾಖ ಹೆಚ್ಚು ಚೆನ್ನಾಗಿ ಸಾಗಲೆಂದು, ಕದಡಿದರೆ ಅದು ನ್ಯಾನೊದ್ರವ. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಸ್ಟೀಫನ್ ಚೋಯ್ 1995ರಲ್ಲಿ ಈ ಹೆಸರಿಟ್ಟ ಮೇಲೆ ಪ್ರಬಂಧಗಳ ಮಳೆಯೇ ಸುರಿದಿದೆ. ಮೈಸೂರು, ಮಂಡ್ಯದ ಕಾಲೇಜುಗಳಲ್ಲೂ ಮೆಕ್ಯಾನಿಕಲ್ ವಿಭಾಗದ ಎಂ.ಟೆಕ್. ವಿದ್ಯಾರ್ಥಿಗಳಿಂದ ಹಿಡಿದು ಅನ್ವಯಿಕ ಗಣಿತದ ಸಂಶೋಧಕರವರೆಗೆ ಇಂಥ ದ್ರವದ ಹರಿವನ್ನೂ ಶಾಖವನ್ನೂ ಕಂಪ್ಯೂಟರಿನಲ್ಲಿ ಲೆಕ್ಕಹಾಕುವ ವಿಷಯವನ್ನು ಎತ್ತಿಕೊಳ್ಳುವವರು ಕಡಿಮೆಯಿಲ್ಲ. ಪ್ರಾಜೆಕ್ಟ್ ಒಪ್ಪಿಸುವ ತಿಂಗಳು ಹತ್ತಿರವಾದಾಗ ಅವರಿಂದ ಕೇಳಿಬರುವ ದೂರುಗಳು ಬೆರಳೆಣಿಕೆಯವು. ಉತ್ತರ ಹೊಂದುತ್ತಿಲ್ಲ, ತೀರಾ ಹೆಚ್ಚು ಬರುತ್ತಿದೆ, ಕೋಡ್ ಕುಸಿಯುತ್ತಿದೆ, ನಿನ್ನೆಯ ಅಳತೆ ಇಂದು ಬರುತ್ತಿಲ್ಲ.

ಈ ಕೈಪಿಡಿ ಆ ದೂರುಗಳ ಸುತ್ತ ಬರೆದದ್ದು. ಖರ್ಚಿಲ್ಲದ ಪರೀಕ್ಷೆ ಮೊದಲು, ದುಬಾರಿಯದು ಕೊನೆಗೆ. ನನ್ನ ಧೋರಣೆಯನ್ನು ಈಗಲೇ ಹೇಳಿಬಿಡುತ್ತೇನೆ: ಕಣದ ಮೇಲೆ ಆರೋಪ ಹೊರಿಸುವ ಮೊದಲು ನೀರಿನ ವಿಚಾರಣೆ ಮುಗಿದಿರಬೇಕು. ಹೆಚ್ಚಿನ ದೋಷಗಳು ಕಣವನ್ನು ಹಾಕುವುದಕ್ಕೆ ಮೊದಲೇ ಲೆಕ್ಕದೊಳಗೆ ಸೇರಿಕೊಂಡಿರುತ್ತವೆ.

ಲಕ್ಷಣ: ಕಣಾಂಶ ಸೊನ್ನೆ ಇಟ್ಟರೂ ಉತ್ತರ ಹೊಂದುತ್ತಿಲ್ಲ

ಯಾವ ದೂರಿದ್ದರೂ ಮೊದಲು ಇದನ್ನು ಮಾಡಿ. ಕಣಾಂಶವನ್ನು, ಅಂದರೆ ದ್ರವದ ಗಾತ್ರದಲ್ಲಿ ಕಣಗಳ ಪಾಲನ್ನು, ಸೊನ್ನೆಗೆ ಇಳಿಸಿ, ಬರಿ ನೀರಿಗೆ ಲೆಕ್ಕ ಓಡಿಸಿ. ದುಂಡು ಕೊಳವೆಯಲ್ಲಿ ಪೂರ್ಣವಾಗಿ ರೂಪುಗೊಂಡ ಪದರ ಹರಿವಿಗೆ (ಸುಳಿಯಿಲ್ಲದೆ ಪದರ ಪದರವಾಗಿ ಸಾಗುವ ಹರಿವಿಗೆ), ಗೋಡೆಯ ಉದ್ದಕ್ಕೂ ಒಂದೇ ಉಷ್ಣಪ್ರವಾಹ ಕೊಟ್ಟರೆ ನಸೆಲ್ಟ್ ಸಂಖ್ಯೆ (ಬರಿ ವಹನಕ್ಕೆ ಹೋಲಿಸಿದರೆ ಹರಿವು ಎಷ್ಟು ಪಟ್ಟು ಶಾಖ ಸಾಗಿಸುತ್ತದೆ ಎಂಬ ಅಳತೆ) 4.36, ಗೋಡೆಯ ತಾಪಮಾನವನ್ನು ಒಂದೇ ಆಗಿ ಹಿಡಿದಿಟ್ಟರೆ 3.66. ಒಂದರ ಬದಲು ಇನ್ನೊಂದು ಬಂದಿದ್ದರೆ ಗಡಿ ಷರತ್ತು ಅದಲುಬದಲಾಗಿದೆ, ಅಷ್ಟೇ.

6, 7 ಎಂದು ಬರುತ್ತಿದ್ದರೆ ಗಾಬರಿ ಬೇಡ. ಹರಿವು ಇನ್ನೂ ಉಷ್ಣದ ದೃಷ್ಟಿಯಿಂದ ರೂಪುಗೊಂಡಿಲ್ಲ ಎಂದಷ್ಟೇ ಅದರ ಅರ್ಥ. ಉಷ್ಣ ಪ್ರವೇಶ ಉದ್ದವೆಂದರೆ ಸುಮಾರು 0.05 × ರೆನಾಲ್ಡ್ಸ್ ಸಂಖ್ಯೆ × ಪ್ರಾಂಟ್ಲ್ ಸಂಖ್ಯೆ × ವ್ಯಾಸ. ರೆನಾಲ್ಡ್ಸ್ ಎಂದರೆ ಹರಿವಿನ ರಭಸಕ್ಕೂ ದ್ರವದ ಸ್ನಿಗ್ಧತೆಗೂ (ಹರಿಯಲು ಒಡ್ಡುವ ತಡೆಗೂ) ಇರುವ ಅನುಪಾತ, ಪ್ರಾಂಟ್ಲ್ ಎಂದರೆ ಸ್ನಿಗ್ಧತೆಯ ಪರಿಣಾಮಕ್ಕೂ ಶಾಖದ ಹರಡುವಿಕೆಗೂ ಇರುವ ಅನುಪಾತ. ರೆನಾಲ್ಡ್ಸ್ 1000, ನೀರಿನ ಪ್ರಾಂಟ್ಲ್ 6 ಎಂದು ಹಿಡಿದರೆ ಮುನ್ನೂರು ವ್ಯಾಸಗಳು. 10 ಮಿಲಿಮೀಟರ್ ಕೊಳವೆಗೆ ಇದು 3 ಮೀಟರ್. ಲ್ಯಾಬ್‌ನ ಒಂದು ಮೀಟರ್ ಕೊಳವೆಯಲ್ಲಿ ಆ ಸ್ಥಿತಿ ಬರುವುದೇ ಇಲ್ಲ. ಅಂಥಲ್ಲಿ 4.36ರ ಜೊತೆ ಹೋಲಿಸಿ, ವ್ಯತ್ಯಾಸವನ್ನೆಲ್ಲ ಕಣಗಳ ಮಹಿಮೆ ಎಂದು ಬರೆಯುವುದು ಈ ಕ್ಷೇತ್ರದ ಹಳೆಯ ರೋಗ. ಪ್ರವೇಶ ಭಾಗಕ್ಕೆಂದೇ ಇರುವ ಶಾ ಸಮೀಕರಣದ ಜೊತೆ ಹೋಲಿಸಿ.

ಚೌಕ ಪೆಟ್ಟಿಗೆಯೊಳಗಿನ ಸಹಜ ಸಂವಹನ ನಿಮ್ಮ ವಿಷಯವಾಗಿದ್ದರೆ ಡಿ ವಾಲ್ ಡೇವಿಸ್ 1983ರಲ್ಲಿ ಕೊಟ್ಟ ಸಂಖ್ಯೆಗಳೇ ಒರೆಗಲ್ಲು. ಪ್ರಾಂಟ್ಲ್ 0.71 ಇರುವ ಗಾಳಿಗೆ, ರ್‍ಯಾಲೆ ಸಂಖ್ಯೆ (ಬಿಸಿಯಿಂದ ತಾನಾಗಿ ಏಳುವ ಹರಿವಿನ ಜೋರು ತಿಳಿಸುವ ಅಳತೆ) ಹತ್ತು ಸಾವಿರದಲ್ಲಿ ಸರಾಸರಿ ನಸೆಲ್ಟ್ 2.243, ಒಂದು ಲಕ್ಷದಲ್ಲಿ 4.519, ಹತ್ತು ಲಕ್ಷದಲ್ಲಿ 8.800. ಹಿಗ್ಗುವ ಹಾಳೆಯ ಮೇಲಿನ ಹರಿವನ್ನು ಬಿಡಿಸುವ ಗಣಿತದವರಿಗೆ ಕ್ರೇನ್ 1970ರಲ್ಲಿ ಕೊಟ್ಟ ನಿಖರ ಉತ್ತರವಿದೆ. ಗೋಡೆಯಲ್ಲಿ ವೇಗದ ಇಳುಕಲನ್ನು ತಿಳಿಸುವ ಎರಡನೆಯ ಅವಕಲ ಸರಿಯಾಗಿ −1 ಬರಬೇಕು, ಪ್ರಾಂಟ್ಲ್ 7ಕ್ಕೆ ಗೋಡೆಯ ತಾಪ ಇಳುಕಲು 1.8954 ಬರಬೇಕು.

ಇದರ ಜೊತೆಗೆ ಶಕ್ತಿಯ ತಾಳೆಯನ್ನೂ ನೋಡಿ. ಗೋಡೆಯಿಂದ ಒಳಗೆ ಹೋದ ಶಾಖ, ದ್ರವ ಹೊತ್ತೊಯ್ದ ಶಾಖ ಇವೆರಡೂ ಸಿಮ್ಯುಲೇಶನ್‌ನಲ್ಲಿ ಶೇ. 1ರೊಳಗೆ ಹೊಂದಬೇಕು. ಹೊಂದದಿದ್ದರೆ ಮುಂದಿನ ಭಾಗಗಳನ್ನು ಓದುವ ಅಗತ್ಯವಿಲ್ಲ. ಇಲ್ಲೇ ನಿಂತು ಸರಿಪಡಿಸಿ.

ಲಕ್ಷಣ: ಉಷ್ಣ ವರ್ಗಾವಣೆ ನಂಬಲಾಗದಷ್ಟು ಹೆಚ್ಚಾಗಿದೆ

ಇದನ್ನು ದೋಷವೆಂದು ಯಾರೂ ದೂರುವುದಿಲ್ಲ, ಸಂತೋಷಪಡುತ್ತಾರೆ. ಅದಕ್ಕೇ ಇದು ಎಲ್ಲಕ್ಕಿಂತ ಅಪಾಯದ್ದು.

ಮೊದಲು ಶೇಕಡಾವಾರು ಯಾವುದರದು ಎಂದು ನೋಡಿ. ಪುಡಿಯನ್ನು ತೂಗಿ ಹಾಕುತ್ತೇವೆ, ಸೂತ್ರಗಳು ಗಾತ್ರದ ಪಾಲನ್ನು ಕೇಳುತ್ತವೆ. ಅಲ್ಯೂಮಿನಾದ ಸಾಂದ್ರತೆ ಘನ ಮೀಟರ್‌ಗೆ 3970 ಕಿಲೋಗ್ರಾಂ, ನೀರಿನದು 997. ಹಾಗಾಗಿ ತೂಕದಲ್ಲಿ ಶೇ. 4 ಎಂದರೆ ಗಾತ್ರದಲ್ಲಿ ಬರಿ ಶೇ. 1.04. ಈ ಒಂದು ತಪ್ಪಿನಿಂದ ಉಷ್ಣ ವಾಹಕತೆಯ ಶೇ. 3ರ ಏರಿಕೆ ಶೇ. 12 ಆಗಿ ಕಾಣುತ್ತದೆ.

ಏರಿಕೆಯ ಆ ಎರಡು ಸಂಖ್ಯೆಗಳು ಮ್ಯಾಕ್ಸ್‌ವೆಲ್‌ನ 1873ರ ಸೂತ್ರದಿಂದ ಬಂದವು. ಅದರಲ್ಲಿ ಒಂದು ಗುಟ್ಟಿದೆ: ಕಣ ನೀರಿಗಿಂತ ಎಷ್ಟೋ ಪಟ್ಟು ಹೆಚ್ಚು ವಾಹಕವಾಗಿದ್ದರೆ, ಗುಂಡನೆಯ ಬಿಡಿ ಕಣಗಳು ಕೊಡುವ ಏರಿಕೆ ಕಣಾಂಶದ ಸುಮಾರು ಮೂರು ಪಟ್ಟು ಮಾತ್ರ. ಗಾತ್ರದಲ್ಲಿ ಶೇ. 4ರಷ್ಟು ಅಲ್ಯೂಮಿನಾ ಹಾಕಿದರೆ ಉಷ್ಣ ವಾಹಕತೆ ಶೇ. 11.9 ಏರುತ್ತದೆ. ಅದರ ಹತ್ತು ಪಟ್ಟು ವಾಹಕತೆಯ ತಾಮ್ರವನ್ನು ಅಷ್ಟೇ ಹಾಕಿದರೆ ಶೇ. 12.4. ಅರ್ಧ ಶೇಕಡಾ ಹೆಚ್ಚು! ತಾಮ್ರಕ್ಕೂ ಅಲ್ಯೂಮಿನಾಕ್ಕೂ ನಿಮ್ಮ ಗ್ರಾಫಿನಲ್ಲಿ ಅಜಗಜಾಂತರ ಕಂಡರೆ ಕೋಡ್‌ನಲ್ಲಿ ಏನೋ ಕೆಟ್ಟಿದೆ. ಕಣಗಳಿಗೆ ಅಸಾಮಾನ್ಯ ಶಕ್ತಿಯಿದೆ ಎಂಬ ವಾದವನ್ನು ಪರೀಕ್ಷಿಸಲು 30ಕ್ಕೂ ಹೆಚ್ಚು ಸಂಸ್ಥೆಗಳು ಒಂದೇ ಮಾದರಿ ದ್ರವಗಳನ್ನು ಹಂಚಿಕೊಂಡು ಅಳೆದವು; 2009ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಅಸಾಮಾನ್ಯವಾದುದೇನೂ ಸಿಗಲಿಲ್ಲ, ಹಳೆಯ ಸಿದ್ಧಾಂತವೇ ಸಾಕಾಯಿತು. 2009ಕ್ಕೆ ಮೊದಲಿನ ಪ್ರಬಂಧದ ಜೊತೆ ನಿಮ್ಮ ಉತ್ತರ ಹೊಂದುತ್ತಿಲ್ಲವೆಂದರೆ ತಪ್ಪು ನಿಮ್ಮದೇ ಎಂದು ತೀರ್ಮಾನಿಸಬೇಡಿ.

ಎರಡನೆಯದು ವಿಶಿಷ್ಟೋಷ್ಣ. ನೀರಿನ 4179, ಅಲ್ಯೂಮಿನಾದ 765 ಇವೆರಡನ್ನು ಗಾತ್ರದ ಪಾಲಿನಲ್ಲಿ ನೇರವಾಗಿ ಬೆರೆಸಿದರೆ ಶೇ. 4ಕ್ಕೆ 4042 ಬರುತ್ತದೆ. ಬೆರೆಸಬೇಕಾದದ್ದು ಸಾಂದ್ರತೆ ಮತ್ತು ವಿಶಿಷ್ಟೋಷ್ಣಗಳ ಗುಣಲಬ್ಧವನ್ನು. ಆಮೇಲೆ ಮಿಶ್ರಣದ ಸಾಂದ್ರತೆಯಿಂದ ಭಾಗಿಸಿದರೆ 3693. ವ್ಯತ್ಯಾಸ ಶೇ. 9. ದ್ರವ ಹೊತ್ತೊಯ್ದ ಶಾಖವನ್ನು ಲೆಕ್ಕಹಾಕುವಾಗ ಈ ಶೇ. 9 ಪುಕ್ಕಟೆಯಾಗಿ ಸೇರಿಕೊಳ್ಳುತ್ತದೆ.

ಮೂರನೆಯದು ನಸೆಲ್ಟ್ ಸಂಖ್ಯೆಯ ಒಳಗಿನ ವಾಹಕತೆ. ನ್ಯಾನೊದ್ರವದ ವಾಹಕತೆಯನ್ನೇ ಹಾಕಿದರೆ, ರೂಪುಗೊಂಡ ಪದರ ಹರಿವಿನಲ್ಲಿ ನಸೆಲ್ಟ್ 4.36ರಲ್ಲೇ ಇರುತ್ತದೆ, ಉಷ್ಣ ವರ್ಗಾವಣೆ ಗುಣಾಂಕ ಮಾತ್ರ ಶೇ. 12 ಏರುತ್ತದೆ. ನೀರಿನ ವಾಹಕತೆ ಹಾಕಿದರೆ ಏರಿಕೆ ನಸೆಲ್ಟ್‌ನಲ್ಲೇ ಕಾಣುತ್ತದೆ. ಎರಡೂ ಸರಿ. ನೀರಿನ ಆಧಾರದ ನಸೆಲ್ಟ್ ತೆಗೆದುಕೊಂಡು ಮತ್ತೆ ವಾಹಕತೆಯ ಅನುಪಾತದಿಂದ ಗುಣಿಸಿದರೆ ಮಾತ್ರ ಶೇ. 12 ಇದ್ದದ್ದು ಶೇ. 25 ಆಗುತ್ತದೆ. ನಿಮ್ಮ ಏರಿಕೆ ನಿರೀಕ್ಷೆಯ ಸುಮಾರು ಎರಡರಷ್ಟಿದ್ದರೆ ಮೊದಲು ಇಲ್ಲಿ ಹುಡುಕಿ.

ಕೊನೆಯದು ಹೋಲಿಕೆಯ ನ್ಯಾಯ. ಒಂದೇ ರೆನಾಲ್ಡ್ಸ್ ಸಂಖ್ಯೆಯಲ್ಲಿ ನೀರನ್ನೂ ನ್ಯಾನೊದ್ರವವನ್ನೂ ಹೋಲಿಸಿದರೆ ಹೆಚ್ಚು ಸ್ನಿಗ್ಧವಾದ ನ್ಯಾನೊದ್ರವವನ್ನು ಹೆಚ್ಚು ವೇಗದಲ್ಲಿ ತಳ್ಳಿರುತ್ತೀರಿ. ಶೇ. 4ಕ್ಕೆ ಸ್ನಿಗ್ಧತೆ 1.49 ಪಟ್ಟು ಎಂದಾದರೆ ವೇಗ ಶೇ. 33 ಹೆಚ್ಚಿರಬೇಕು, ಪದರ ಹರಿವಿನಲ್ಲಿ ಪಂಪಿನ ಶಕ್ತಿ 2.6 ಪಟ್ಟು ಬೇಕು. ಅಷ್ಟು ವಿದ್ಯುತ್ತನ್ನು ಬರಿ ನೀರಿಗೆ ಕೊಟ್ಟಿದ್ದರೆ ಅದೂ ಜೋರಾಗಿಯೇ ಹರಿಯುತ್ತಿತ್ತು. ಹೋಲಿಕೆ ಒಂದೇ ಪಂಪಿನ ಶಕ್ತಿಯಲ್ಲಿರಲಿ, ಇಲ್ಲವೇ ಕೊನೆಯ ಪಕ್ಷ ಒಂದೇ ವೇಗದಲ್ಲಿರಲಿ.

ಲಕ್ಷಣ: ಮಾದರಿಯಲ್ಲಿ ಏರುತ್ತದೆ, ಪ್ರಯೋಗದಲ್ಲಿ ಇಳಿಯುತ್ತದೆ

ಇಲ್ಲಿ ಮೊದಲ ಶಂಕಿತ ಸ್ನಿಗ್ಧತೆ. ಹೆಚ್ಚಿನ ಕೋಡ್‌ಗಳಲ್ಲಿ ಕೂತಿರುವುದು ಬ್ರಿಂಕ್‌ಮನ್‌ನ 1952ರ ಸೂತ್ರ. ಐನ್‌ಸ್ಟೈನ್ ಸೂತ್ರದ ವಿಸ್ತರಣೆ ಅದು. ಶೇ. 4 ಅಲ್ಯೂಮಿನಾಕ್ಕೆ ಅದು ನೀರಿನ 1.11 ಪಟ್ಟು ಎನ್ನುತ್ತದೆ. ವಾಂಗ್ ಮತ್ತು ಸಂಗಡಿಗರ ಅಳತೆಗೆ ಹೊಂದಿಸಿದ ಸೂತ್ರ ಅದೇ ದ್ರವಕ್ಕೆ 1.49 ಎನ್ನುತ್ತದೆ. ಪಾಕ್ ಮತ್ತು ಚೋ ಅವರ 1998ರ ಅಳತೆಗೆ ಹೊಂದಿಸಿದ ಸೂತ್ರ 3.4 ಎನ್ನುತ್ತದೆ. ಒಂದೇ ಪುಡಿ, ಒಂದೇ ಶೇಕಡಾ, ಮೂರು ಉತ್ತರ. ಕಣದ ಗಾತ್ರ, ಮುದ್ದೆಗಟ್ಟಿರುವ ಪ್ರಮಾಣ, ದ್ರವದ ಆಮ್ಲೀಯತೆ ಎಲ್ಲವೂ ಇದರಲ್ಲಿ ಕೈಯಾಡಿಸುತ್ತವೆ. ಬ್ರಿಂಕ್‌ಮನ್ ಸೂತ್ರಕ್ಕೆ ಇವು ಯಾವುವೂ ಗೊತ್ತಿಲ್ಲ.

ಪಾಕ್ ಮತ್ತು ಚೋ ಅವರ ಅಲ್ಯೂಮಿನಾ ದ್ರವ ಶೇ. 10ಕ್ಕೆ ನೀರಿನ ಸುಮಾರು 200 ಪಟ್ಟು ಸ್ನಿಗ್ಧವಾಗಿತ್ತು. ಮಂಡ್ಯದ ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಕಬ್ಬಿನ ಹಾಲು ಪಾಕಕ್ಕೆ ಬರುವುದನ್ನು ನೋಡಿದವರಿಗೆ ಇದು ವಿಚಿತ್ರವೆನಿಸದು: ಬಹಳ ಹೊತ್ತು ಏನೂ ಆಗದಂತಿದ್ದು, ಒಂದು ಹಂತ ದಾಟಿದ ಮೇಲೆ ಮಗುಚುವ ಕೈಗೆ ಭಾರ ತಟ್ಟನೆ ತಿಳಿಯುತ್ತದೆ. ಅದೇ ಪ್ರಯೋಗದಲ್ಲಿ, ಒಂದೇ ಸರಾಸರಿ ವೇಗದಲ್ಲಿ, ಶೇ. 3ರ ದ್ರವದ ಉಷ್ಣ ವರ್ಗಾವಣೆ ಗುಣಾಂಕ ಬರಿ ನೀರಿಗಿಂತ ಶೇ. 12 ಕಡಿಮೆ ಬಂದಿತ್ತು. ಅಂದರೆ ನಿಮ್ಮ ಪ್ರಯೋಗದಲ್ಲಿ ಇಳಿದದ್ದು ಅಪಶಕುನವಲ್ಲ, ಅದೇ ನಿಜವಿರಬಹುದು.

ಪರಿಹಾರ ಸುಲಭ, ಖರ್ಚೂ ಕಡಿಮೆ: ಸೂತ್ರವನ್ನು ಬಿಟ್ಟು ನಿಮ್ಮದೇ ದ್ರವದ ಸ್ನಿಗ್ಧತೆಯನ್ನು ಅಳೆಯಿರಿ. ರಿಯೋಮೀಟರ್ ಇಲ್ಲದಿದ್ದರೆ ಗಾಜಿನ ಕ್ಯಾಪಿಲರಿ ವಿಸ್ಕೋಮೀಟರ್ ಸಾಕು. ಬೇರೆ ಬೇರೆ ಕದಡುವ ವೇಗದಲ್ಲಿ ಸ್ನಿಗ್ಧತೆ ಬದಲಾಗುವ ದಟ್ಟ ದ್ರವಕ್ಕೆ ಮಾತ್ರ ಅದು ಸಾಲದು. ಅಂಥದ್ದಕ್ಕೆ ರಿಯೋಮೀಟರ್ ಇರುವ ವಿಭಾಗದ ಬಾಗಿಲು ತಟ್ಟಲೇಬೇಕು.

ಲಕ್ಷಣ: ಕಣಾಂಶ ಋಣಾತ್ಮಕವಾಗುತ್ತದೆ, ಕೋಡ್ ಕುಸಿಯುತ್ತದೆ

ಕಣಾಂಶಕ್ಕೇ ಪ್ರತ್ಯೇಕ ಸಮೀಕರಣ ಬಿಡಿಸುವವರ ಸಮಸ್ಯೆ ಇದು. ಬುವೊಂಜಾರ್ನೊ 2006ರಲ್ಲಿ ಕಣ ನೀರಿನಿಂದ ಬೇರೆಯಾಗಿ ಜಾರಲು ಏಳು ಕಾರಣಗಳನ್ನು ತೂಗಿ ನೋಡಿ, ಬ್ರೌನಿಯನ್ ಚಲನೆ (ಕಣಗಳ ಗೊತ್ತುಗುರಿಯಿಲ್ಲದ ತುಯ್ದಾಟ) ಮತ್ತು ಬಿಸಿಯಿಂದ ತಂಪಿನ ಕಡೆಗೆ ತಳ್ಳುವ ಥರ್ಮೋಫೊರೆಸಿಸ್ ಎರಡೇ ಮುಖ್ಯವೆಂದು ಉಳಿಸಿಕೊಂಡರು.

ಮೊದಲು ಕಾಸಿಲ್ಲದ ಪರೀಕ್ಷೆ: ಥರ್ಮೋಫೊರೆಸಿಸ್ ಪದವನ್ನು ತಾಪಮಾನದಿಂದ ಭಾಗಿಸುತ್ತೀರಿ. ಅಲ್ಲಿ 300 ಕೆಲ್ವಿನ್ ಬದಲು 27 ಸೆಲ್ಸಿಯಸ್ ಕೂತಿದ್ದರೆ ಆ ಪದ ಹನ್ನೊಂದು ಪಟ್ಟು ಉಬ್ಬಿರುತ್ತದೆ.

ಆಮೇಲೆ ಗೋಡೆಯ ಷರತ್ತು. ಗೋಡೆಯಲ್ಲಿ ಕಣಾಂಶ ಇಷ್ಟೇ ಎಂದು ಕಟ್ಟಿಹಾಕಿದರೆ ಗೋಡೆ ಕಣಗಳನ್ನು ಹುಟ್ಟಿಸುತ್ತಲೋ ನುಂಗುತ್ತಲೋ ಇರುತ್ತದೆ. ತಾಮ್ರದ ಕೊಳವೆ ಹಾಗೆ ಮಾಡುವುದಿಲ್ಲ. ಗೋಡೆಯ ಮೂಲಕ ಕಣದ ಹರಿವು ಸೊನ್ನೆ, ಅಂದರೆ ಬ್ರೌನಿಯನ್ ಮತ್ತು ಥರ್ಮೋಫೊರೆಸಿಸ್ ಹರಿವುಗಳು ಒಂದನ್ನೊಂದು ತೂಗಬೇಕು. ಕುಜ್ನೆಟ್ಸೋವ್ ಮತ್ತು ನೀಲ್ಡ್ ತಮ್ಮದೇ ಹಳೆಯ ಲೆಕ್ಕವನ್ನು 2014ರಲ್ಲಿ ಪರಿಷ್ಕರಿಸಿದ್ದು ಈ ಕಾರಣಕ್ಕೇ.

ಇವೆರಡೂ ಸರಿಯಿದ್ದು ಇನ್ನೂ ಋಣ ಸಂಖ್ಯೆ ಬರುತ್ತಿದ್ದರೆ ದೋಷ ಲೆಕ್ಕಕ್ಕೆಂದು ಜಾಗವನ್ನು ತುಂಡರಿಸಿದ ಬಲೆಯಲ್ಲಿ, ಅಂದರೆ ಮೆಶ್‌ನಲ್ಲಿದೆ. 27 ಡಿಗ್ರಿ ನೀರಿನಲ್ಲಿ 30 ನ್ಯಾನೊಮೀಟರ್ ಕಣದ ಬ್ರೌನಿಯನ್ ವಿಸರಣ ಗುಣಾಂಕ ಸೆಕೆಂಡಿಗೆ ಸುಮಾರು 1.7 × 10⁻¹¹ ಚದರ ಮೀಟರ್. ನೀರಿನಲ್ಲಿ ಶಾಖದ ವಿಸರಣ 1.47 × 10⁻⁷. ಶಾಖ ಕಣಕ್ಕಿಂತ ಎಂಟು ಸಾವಿರಕ್ಕೂ ಹೆಚ್ಚು ಪಟ್ಟು ಬೇಗ ಹರಡುತ್ತದೆ. ಹಾಗಾಗಿ ಗೋಡೆಯ ಬಳಿಯ ಕಣದ ಪದರ ತಾಪದ ಪದರದ ಇಪ್ಪತ್ತನೇ ಒಂದರಷ್ಟು ತೆಳುವಾಗಿರುತ್ತದೆ. ತಾಪಕ್ಕೆಂದು ಹೆಣೆದ ಮೆಶ್‌ಗೆ ಆ ಪದರ ಕಾಣಿಸುವುದೇ ಇಲ್ಲ. ಕಾಣದ ಪದರದ ಎರಡೂ ಬದಿಗೆ ಸಂಖ್ಯೆಗಳು ತುಯ್ದಾಡಿ ಸೊನ್ನೆಯ ಕೆಳಗೆ ಇಳಿಯುತ್ತವೆ. ಗೋಡೆಯ ಬಳಿ ಮೆಶ್ ಸಣ್ಣದಾಗಿಸಿ, ಮಿತಿ ಮೀರದ ಅಪ್‌ವಿಂಡ್ (ಹರಿವು ಬರುವ ಕಡೆಯ ಬೆಲೆಗಳನ್ನು ಹಿಡಿಯುವ) ಮಾದರಿಯ ಯೋಜನೆ ಬಳಸಿ. ಋಣ ಬಂದಲ್ಲೆಲ್ಲ ಸೊನ್ನೆ ಎಂದು ಒಂದು ಸಾಲು ಬರೆದು ಬಾಯಿಮುಚ್ಚಿಸುವವರಿದ್ದಾರೆ. ಅದು ಚಿಕಿತ್ಸೆಯಲ್ಲ, ಕಣಗಳ ಒಟ್ಟು ಲೆಕ್ಕವೇ ತಪ್ಪುತ್ತದೆ.

ಲಕ್ಷಣ: ಗ್ರಾಫ್ ಅಂದವಾಗಿದೆ, ಅರ್ಥ ಮಾತ್ರ ಇಲ್ಲ

ಗಣಿತದ ಕಡೆಯಿಂದ ಬಂದವರು ಇದನ್ನು ಎರಡು ಸಲ ಓದಲಿ. ಸಾದೃಶ್ಯ ರೂಪಾಂತರದ (ಹಲವು ಚರಗಳ ಸಮೀಕರಣವನ್ನು ಒಂದೇ ಚರಕ್ಕೆ ಇಳಿಸುವ) ಪ್ರಬಂಧಗಳಲ್ಲಿ ಬ್ರೌನಿಯನ್ ನಿಯತಾಂಕ 0.1, ಥರ್ಮೋಫೊರೆಸಿಸ್ ನಿಯತಾಂಕ 0.1, ಲೂಯಿಸ್ ಸಂಖ್ಯೆ (ಶಾಖ ಕಣಕ್ಕಿಂತ ಎಷ್ಟು ಪಟ್ಟು ಬೇಗ ಹರಡುತ್ತದೆ ಎಂಬ ಅನುಪಾತ) 10 ಎಂದು ಹಿಡಿಯುವುದು ವಾಡಿಕೆ. ಮೇಲಿನ ಸಂಖ್ಯೆಗಳನ್ನೇ ಹಾಕಿ, ಕಣಾಂಶದ ವ್ಯತ್ಯಾಸ ಶೇ. 1 ಎಂದು ಇಟ್ಟು ಲೆಕ್ಕ ಮಾಡಿ: ಅಲ್ಯೂಮಿನಾ–ನೀರಿಗೆ ಬ್ರೌನಿಯನ್ ನಿಯತಾಂಕ ಒಂದು ಕೋಟಿಯಲ್ಲಿ ಒಂದೂವರೆ ಪಾಲು, ಲೂಯಿಸ್ ಸಂಖ್ಯೆ ಎಂಟು ಸಾವಿರದ ಮೇಲೆ. 0.1ಕ್ಕೆ ಬರೆದ ಗ್ರಾಫ್ ಗಣಿತವಾಗಿ ಸರಿಯಿರಬಹುದು. ಲೋಕದಲ್ಲಿ ಅಂಥ ದ್ರವ ಇಲ್ಲ. ಮೌಖಿಕ ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ‘ಹಿಂದಿನ ಪ್ರಬಂಧದಲ್ಲೂ ಹೀಗೇ ಇದೆ’ ಎನ್ನುವುದು ಉತ್ತರವಾಗುವುದಿಲ್ಲ.

ಇದೇ ಕುಟುಂಬದ ಇನ್ನೊಂದು ಲಕ್ಷಣ: ತಾಪದ ರೇಖೆ ಸೊನ್ನೆಯನ್ನು ಮೆಲ್ಲಗೆ ಸಮೀಪಿಸುವ ಬದಲು ಓರೆಯಾಗಿ ಬಂದು ಕತ್ತರಿಸುತ್ತದೆ. ಅನಂತ ಎಂದು ನೀವು ಹಿಡಿದ ದೂರ ಸಾಲದಾಗಿದೆ. ಅದನ್ನು ಇಮ್ಮಡಿ ಮಾಡಿ. ಗೋಡೆಯ ಇಳುಕಲು ನಾಲ್ಕನೇ ದಶಮಾಂಶದವರೆಗೆ ಅಲುಗದಿದ್ದರೆ ಸರಿ.

ಲಕ್ಷಣ: ದಿನಗಟ್ಟಲೆ ಓಡಿದರೂ ಮುಗಿಯುತ್ತಿಲ್ಲ

ಪ್ರತಿ ಕಣವನ್ನೂ ಬೆನ್ನಟ್ಟುವ ಮಾದರಿಯನ್ನು ಆರಿಸಿದ್ದೀರಿ. 30 ನ್ಯಾನೊಮೀಟರ್ ಅಲ್ಯೂಮಿನಾ ಕಣ ನೀರಿನ ವೇಗಕ್ಕೆ ಹೊಂದಿಕೊಳ್ಳಲು ತೆಗೆದುಕೊಳ್ಳುವ ಕಾಲ ನ್ಯಾನೊಸೆಕೆಂಡಿನ ಕಾಲು ಭಾಗ. ಅಷ್ಟು ಸಣ್ಣ ಹೆಜ್ಜೆಯಲ್ಲಿ ಯಾವ ಲ್ಯಾಬ್ ಕಂಪ್ಯೂಟರೂ ನಡೆಯಲಾರದು. ಕಣ ನೀರಿನ ಜೊತೆಗೇ ಹೋಗುತ್ತದೆ ಎಂದಾಗ ಬೆನ್ನಟ್ಟುವ ಅಗತ್ಯವೇನು? ಕಣ, ನೀರು ಸೇರಿ ಒಂದೇ ದ್ರವ ಎಂದು ಹಿಡಿಯುವ ಏಕದ್ರವ ಮಾದರಿಗೆ ಮರಳಿ.

ಲಕ್ಷಣ: ನಿನ್ನೆಯ ಅಳತೆ ಇಂದು ಬರುತ್ತಿಲ್ಲ

ಮಾದರಿಯನ್ನು ತಾಳೆ ನೋಡಲು ಸ್ವಂತ ರಿಗ್ (ಪ್ರಯೋಗದ ಜೋಡಣೆ) ಇರುವವರಿಗೆ ಮಾತ್ರ ಇದು. ಮೊದಲು ತೊಟ್ಟಿಯ ತಳ ನೋಡಿ. ಬಿಳಿ ಕೆಸರು ಕೂತಿದ್ದರೆ ಕೊಳವೆಯಲ್ಲಿ ಹರಿಯುತ್ತಿರುವುದು ನೀವು ಬರೆದುಕೊಂಡ ಶೇಕಡಾ ಅಲ್ಲ. ಕಾರಣ ಹಲವು ಸಲ ನೀರೇ. ನಮ್ಮ ಸೀಮೆಯ ಬೋರ್‌ವೆಲ್ ನೀರಿನ ಗಡಸು ಗೀಸರ್ ಇಟ್ಟುಕೊಂಡ ಪ್ರತಿ ಮನೆಗೂ ಗೊತ್ತು. ಆ ಲವಣಗಳು ಕಣಗಳ ನಡುವಿನ ವಿದ್ಯುತ್ ವಿಕರ್ಷಣೆಯನ್ನು ಕುಗ್ಗಿಸಿ ಅವು ಮುದ್ದೆಗಟ್ಟುವಂತೆ ಮಾಡುತ್ತವೆ. ಬಟ್ಟಿ ಇಳಿಸಿದ ನೀರನ್ನೇ ಬಳಸಿ, ಪಿಎಚ್ ನೋಡಿ. ಅಲ್ಯೂಮಿನಾ ಕಣಗಳ ಮೇಲ್ಮೈ ವಿದ್ಯುದಂಶ 8ರಿಂದ 9ರ ಆಸುಪಾಸಿನಲ್ಲಿ ಸೊನ್ನೆಯಾಗುತ್ತದೆ, ಅಲ್ಲಿಂದ ದೂರವಿರಿ.

ಎರಡನೆಯದು ಹೊತ್ತು. ನೀರಿನ ಸ್ನಿಗ್ಧತೆ 20 ಡಿಗ್ರಿಯಲ್ಲಿ 1.00 ಮಿಲಿಪಾಸ್ಕಲ್ ಸೆಕೆಂಡ್, 30 ಡಿಗ್ರಿಯಲ್ಲಿ 0.80. ಜನವರಿಯ ಬೆಳಗ್ಗೆ ನೀರನ್ನೂ ಏಪ್ರಿಲ್ ಮಧ್ಯಾಹ್ನ ನ್ಯಾನೊದ್ರವವನ್ನೂ ಅಳೆದರೆ, ಹವೆಯಿಂದ ಬಂದ ವ್ಯತ್ಯಾಸವೇ ಬ್ರಿಂಕ್‌ಮನ್ ಶೇ. 4ಕ್ಕೆ ಹೇಳುವ ಏರಿಕೆಯನ್ನು ಮೀರಿಸುತ್ತದೆ. ಎರಡನ್ನೂ ಒಂದೇ ಒಳಹರಿವಿನ ತಾಪಮಾನದಲ್ಲಿ ಅಳೆಯಿರಿ.

ಮೂರನೆಯದು ನಮ್ಮ ಊರಿನದೇ ವಿಶೇಷ. ಥರ್ಮೋಕಪಲನ್ನು ಕುದಿಯುವ ನೀರಿಗೆ ಅದ್ದಿ 100 ಡಿಗ್ರಿಗೆ ಸರಿಹೊಂದಿಸುತ್ತಾರೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು 97.5 ಡಿಗ್ರಿಯ ಆಸುಪಾಸಿನಲ್ಲಿ. ಮಂಡ್ಯ ಸ್ವಲ್ಪ ತಗ್ಗಿನಲ್ಲಿದ್ದರೂ ಕಥೆ ಅದೇ. ಸರಿಯಾಗಿದ್ದ ಥರ್ಮೋಕಪಲ್‌ಗೆ ಎರಡೂವರೆ ಡಿಗ್ರಿ ದೋಷವನ್ನು ನಾವೇ ಕಲಿಸಿದಂತಾಗುತ್ತದೆ. ಗೋಡೆಗೂ ದ್ರವಕ್ಕೂ ಹತ್ತು ಡಿಗ್ರಿ ಅಂತರವಿರುವ ಪ್ರಯೋಗದಲ್ಲಿ ಇದು ದೊಡ್ಡ ತಪ್ಪು.

ಎಚ್ಚರಿಕೆಗಳು

ಒಣ ನ್ಯಾನೊಪುಡಿಯನ್ನು ಫ್ಯಾನಿನ ಕೆಳಗೆ ತೂಗಬೇಡಿ. ಅದು ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣದು. ಫ್ಯೂಮ್ ಹುಡ್ ಒಳಗೆ, ಕೈಗವಸು ಮತ್ತು ಎನ್95 ಮಾಸ್ಕ್ ಹಾಕಿಕೊಂಡು ತೂಗಿ. ಚೆಲ್ಲಿದರೆ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ತಾಮ್ರದಂಥ ಲೋಹದ ಸೂಕ್ಷ್ಮ ಪುಡಿ ಗಾಳಿಯಲ್ಲಿ ಹೊತ್ತಿಕೊಳ್ಳಬಹುದು, ಕಿಡಿಯಿಂದ ದೂರವಿಡಿ. ಬಳಸಿದ ದ್ರವ ಸಿಂಕಿಗೆ ಹೋಗಬಾರದು. ಹೆಸರು ಬರೆದ ಕ್ಯಾನಿನಲ್ಲಿ ಕೂಡಿಟ್ಟು ರಾಸಾಯನಿಕ ತ್ಯಾಜ್ಯದ ಜೊತೆ ಕೊಡಿ.

ಮಾದರಿ ಹೆಚ್ಚಿನ ಗುಣಾಂಕ ತೋರಿಸಿತೆಂದು ಹೀಟರಿನ ವ್ಯಾಟ್ ಏರಿಸಬೇಡಿ. ಪಂಪ್ ನಿಂತರೆ ಹೀಟರ್ ತಾನಾಗಿ ನಿಲ್ಲುವ ವ್ಯವಸ್ಥೆಯಿರಲಿ, ಮುಚ್ಚಿದ ಸುತ್ತಿನಲ್ಲಿ ಒತ್ತಡ ಬಿಡುಗಡೆಯ ವಾಲ್ವ್ ಇರಲಿ, ಅರ್ಥಿಂಗ್ ಇರಲಿ. ಇವು ಇಲ್ಲದ ರಿಗ್ಗನ್ನು ಒಬ್ಬರೇ ಇದ್ದಾಗ ಚಾಲೂ ಮಾಡಬೇಡಿ.

ನಿಲ್ಲಿಸಿ ಸಹಾಯ ಕೇಳಬೇಕಾದ ಹೊತ್ತು

ಬರಿ ನೀರಿನ ಲೆಕ್ಕ ಒರೆಗಲ್ಲಿಗೆ ಹೊಂದಿದೆ, ಮೆಶ್ ಇಮ್ಮಡಿಸಿದರೂ ಉತ್ತರ ಅಲುಗುವುದಿಲ್ಲ, ಸ್ನಿಗ್ಧತೆ ಅಳೆದದ್ದೇ ಆಗಿದೆ. ಆದರೂ ಪ್ರಯೋಗ ಮತ್ತು ಮಾದರಿಯ ನಡುವೆ ಶೇ. 10ಕ್ಕಿಂತ ಹೆಚ್ಚಿನ ಅಂತರವಿದೆ ಎಂದಾದರೆ ಒಬ್ಬರೇ ಗುದ್ದಾಡಬೇಡಿ. ಕಣದ ಗಾತ್ರ ಹಂಚಿಕೆ ಮತ್ತು ಕಣಗಳ ನಡುವಿನ ವಿಕರ್ಷಣೆಯನ್ನು ಸೂಚಿಸುವ ಜೀಟಾ ವಿಭವ ಅಳೆಯುವ ಉಪಕರಣ ಬೇಕಾಗುವ ಹಂತ ಅದು. ಮೆಕ್ಯಾನಿಕಲ್ ಲ್ಯಾಬ್‌ಗಿಂತ ರಸಾಯನಶಾಸ್ತ್ರ ಇಲ್ಲವೇ ಭೌತಶಾಸ್ತ್ರ ವಿಭಾಗದಲ್ಲಿ ವಿಚಾರಿಸುವುದು ಒಳ್ಳೆಯದು. ಪುಡಿಯ ಚೀಟಿಯ ಮೇಲೆ ಬರೆದ 30 ನ್ಯಾನೊಮೀಟರ್ ನೀರಿನಲ್ಲಿ ಹಲವು ನೂರರ ಮುದ್ದೆಯಾಗಿರುವುದು ಅಪರೂಪವಲ್ಲ.

ಹೋಗುವಾಗ ಬಣ್ಣಬಣ್ಣದ ಚಿತ್ರಗಳನ್ನು ಒಯ್ಯಬೇಡಿ. ಕಣಾಂಶ ಸೊನ್ನೆಯ ಫೈಲು, ಏಕಮಾನಗಳ ಸಮೇತ ಗುಣಧರ್ಮಗಳ ಪಟ್ಟಿ, ಮೆಶ್ ಪರೀಕ್ಷೆಯ ಕೋಷ್ಟಕ, ಶಕ್ತಿಯ ತಾಳೆಯ ಹಾಳೆ ಮತ್ತು ದ್ರವದ ಒಂದು ಸೀಸೆ ಒಯ್ಯಿರಿ. ಸೀಸೆಯನ್ನು ದಾರಿಯಲ್ಲಿ ಅಲುಗಿಸಬೇಡಿ. ತಳದಲ್ಲಿ ಎಷ್ಟು ಕೂತಿದೆ ಎಂಬುದನ್ನೇ ಅವರು ಮೊದಲು ನೋಡುತ್ತಾರೆ.